ಸಪ್ಲೈ ಬೋಟಿನಲ್ಲಿ ಮೊದಲ ಡೆಕ್‌ಹ್ಯಾಂಡ್ ಕೆಲಸ: ಅನುಭವ ಇಲ್ಲದವರು ಎಲ್ಲಿಂದ ಶುರು ಮಾಡಬೇಕು?

ಹೊಸಗಾಳಿ

ಎಲ್ಲರಿಗೂ ನಮಸ್ಕಾರ. ತೈಲ ಮತ್ತು ಅನಿಲದ ಪ್ಲಾಟ್‌ಫಾರ್ಮ್‌ಗಳಿಗೆ ಸಾಮಾನು ಮುಟ್ಟಿಸುವ ಸಪ್ಲೈ ಬೋಟುಗಳಲ್ಲಿ ಡೆಕ್‌ಹ್ಯಾಂಡ್ (ಡೆಕ್ಕಿನ ಕೆಲಸಗಾರ) ಆಗಿ ಸೇರಬೇಕೆಂದಿದೆ. ವಯಸ್ಸು 21. ಪಾಸ್‌ಪೋರ್ಟ್ ಒಂದು ಬಿಟ್ಟರೆ ಬೇರೆ ಕಾಗದವಿಲ್ಲ, ಕಡಲಿನ ಅನುಭವ ಸೊನ್ನೆ. ಯಾವ ಜಾಹೀರಾತು ನೋಡಿದರೂ ‘ಆಫ್‌ಶೋರ್ ಅನುಭವ ಕಡ್ಡಾಯ’. ಕೆಲಸ ಸಿಗದೆ ಅನುಭವ ಎಲ್ಲಿಂದ ಬರಬೇಕು?

ಕೇಳಬೇಕಾದ್ದು ಇಷ್ಟು: ಯಾವ ಕೋರ್ಸು ಮೊದಲು, ಯಾವುದು ಬೇಡವೇ ಬೇಡ? ಅನುಭವ ಇಲ್ಲದವರನ್ನು ನಿಜವಾಗಿ ತೆಗೆದುಕೊಳ್ಳುವ ಬೋಟು ಯಾವ ಬಗೆಯದು? ಅರ್ಜಿ ಯಾರಿಗೆ, ಹೇಗೆ? ಹತ್ತುವ ಮೊದಲೇ ಕಲಿತಿರಬೇಕಾದ ಕೆಲಸ ಏನಾದರೂ ಇದೆಯೇ?

ಮೂರೆಳೆ ಹಗ್ಗ

ಮೊದಲು ವೈದ್ಯರು, ಆಮೇಲೆ ಕೋರ್ಸು. ಹೆಚ್ಚಿನವರು ಇದನ್ನು ಉಲ್ಟಾ ಮಾಡಿ ದುಡ್ಡು ಕಳೆದುಕೊಳ್ಳುತ್ತಾರೆ.

ಡೆಕ್ಕಿನ ಕೆಲಸಕ್ಕೆ ಬಣ್ಣದ ದೃಷ್ಟಿ ಬೇಕು. ರಾತ್ರಿ ಎದುರಿನ ಹಡಗಿನ ಕೆಂಪು ದೀಪ ಯಾವುದು, ಹಸಿರು ಯಾವುದು ಎಂದು ಹೇಳಲಾಗದವರನ್ನು ಲುಕ್‌ಔಟ್‌ಗೆ ನಿಲ್ಲಿಸುವಂತಿಲ್ಲ. ಕೆಂಪು-ಹಸಿರು ಕುರುಡು ಇರುವುದು ಎಷ್ಟೋ ಜನರಿಗೆ ಗೊತ್ತಾಗುವುದೇ ಚುಕ್ಕೆಗಳ ಇಶಿಹಾರಾ ಪುಸ್ತಕ ಮುಂದಿಟ್ಟಾಗ. ಆದ್ದರಿಂದ ನಿಮ್ಮ ಕಡಲ ಆಡಳಿತ ಮಾನ್ಯ ಮಾಡಿರುವ ವೈದ್ಯರ ಹತ್ತಿರವೇ ಹೋಗಿ ನಾವಿಕರ ವೈದ್ಯಕೀಯ ಪರೀಕ್ಷೆ ಮುಗಿಸಿ. ಬೇರೆ ವೈದ್ಯರು ಕೊಟ್ಟ ಫಿಟ್‌ನೆಸ್ ಚೀಟಿ ನಡೆಯುವುದಿಲ್ಲ. ಪ್ರಮಾಣಪತ್ರದ ಆಯುಷ್ಯ ಗರಿಷ್ಠ 2 ವರ್ಷ, 18 ತುಂಬದವರಿಗೆ 1 ವರ್ಷ. ಬಣ್ಣದೃಷ್ಟಿಯ ಭಾಗ ಮಾತ್ರ 6 ವರ್ಷದವರೆಗೆ ನಡೆಯುತ್ತದೆ.

ಅದು ಪಾಸಾದರೆ ಎಸ್‌ಟಿಸಿಡಬ್ಲ್ಯೂ (ನಾವಿಕರ ತರಬೇತಿಯ ಅಂತರರಾಷ್ಟ್ರೀಯ ಒಪ್ಪಂದ) ಬೇಸಿಕ್ ಟ್ರೈನಿಂಗ್. ಅದರಲ್ಲಿ ನಾಲ್ಕು ಭಾಗ: ನೀರಿನಲ್ಲಿ ಬದುಕುಳಿಯುವುದು, ಬೆಂಕಿ ತಡೆಯುವುದು ಮತ್ತು ಆರಿಸುವುದು, ಪ್ರಥಮ ಚಿಕಿತ್ಸೆ, ವೈಯಕ್ತಿಕ ಸುರಕ್ಷತೆ ಮತ್ತು ಸಾಮಾಜಿಕ ಹೊಣೆ. ಮೊದಲ ಎರಡಕ್ಕೆ 5 ವರ್ಷಕ್ಕೊಮ್ಮೆ ಕೌಶಲ ಉಳಿದಿದೆಯೆಂದು ತೋರಿಸಬೇಕು. ಆ ಒಪ್ಪಂದದ 2010ರ ಮನಿಲಾ ತಿದ್ದುಪಡಿಯ ನಂತರ ಭದ್ರತಾ ಅರಿವಿನ ತರಬೇತಿಯೂ ಸೇರಿಕೊಂಡಿದೆ. ಸಾಧ್ಯವಿದ್ದರೆ ಅದರ ಮುಂದಿನ ಹಂತವಾದ ‘ನಿಯೋಜಿತ ಭದ್ರತಾ ಕರ್ತವ್ಯ’ದ ಕೋರ್ಸನ್ನೇ ಮಾಡಿ. ಗ್ಯಾಂಗ್‌ವೇ (ಹಡಗಿಗೆ ಹತ್ತುವ ದಾರಿ) ಕಾವಲಿಗೆ ನಿಲ್ಲಿಸಬಹುದಾದ ಆಳು ಅಂದರೆ ಕಂಪನಿಗೆ ಒಂದು ತಲೆನೋವು ಕಡಿಮೆ.

ಈಜು ಬರದಿದ್ದರೆ ಕೋರ್ಸಿಗೆ ಮುಂಚೆಯೇ ಕಲಿಯಿರಿ. ಕೊಳದಲ್ಲಿ ಎತ್ತರದಿಂದ ಜಿಗಿಯಬೇಕು, ತಲೆಕೆಳಗಾದ ಲೈಫ್‌ರಾಫ್ಟ್ ಮಗುಚಬೇಕು. ಲೈಫ್‌ಜಾಕೆಟ್ ತೊಟ್ಟಿರುತ್ತೀರಿ, ನಿಜ. ಆದರೂ ನೀರಿಗೆ ಹೆದರುವವರು ನಿಂತುಬಿಡುವುದು ಅಲ್ಲೇ.

ಇದರ ಜೊತೆ ನಾವಿಕರ ಗುರುತಿನ ಪುಸ್ತಕಕ್ಕೆ ಅರ್ಜಿ ಹಾಕಿಡಿ. ಹೆಚ್ಚು ದಿನ ಹಿಡಿಯುವ ಕಾಗದ ಅದೇ.

ಪಟ್ಟಿ ಬರೆಯುವವ

ಅನುಭವದ ಪ್ರಶ್ನೆಗೆ ಬರುತ್ತೇನೆ. ಕ್ರೂ ವಿಭಾಗದವರು ಹೊಸಬರನ್ನು ಕಂಡರೆ ಹಿಂಜರಿಯುವುದಕ್ಕೆ ಕಾರಣ ಸೇಫ್ ಮ್ಯಾನಿಂಗ್ ದಾಖಲೆ. ಈ ಬೋಟು ಕಡಲಿಗೆ ಹೋಗಬೇಕಾದರೆ ಯಾವ ಹುದ್ದೆಯವರು, ಯಾವ ಪ್ರಮಾಣಪತ್ರದವರು, ಕನಿಷ್ಠ ಎಷ್ಟು ಜನ ಇರಬೇಕು ಎಂದು ಧ್ವಜದ ದೇಶ ಕೊಡುವ ಕಾಗದ ಅದು. 500 ಗ್ರಾಸ್ ಟನ್ ಅಥವಾ ಅದಕ್ಕಿಂತ ದೊಡ್ಡ ಹಡಗಿನಲ್ಲಿ ಬ್ರಿಡ್ಜ್ (ಹಡಗು ನಡೆಸುವ ಕೋಣೆ) ಪಾಳಿಗೆ ನಿಲ್ಲುವ ರೇಟಿಂಗ್‌ಗೆ (ಅಧಿಕಾರಿಯಲ್ಲದ ನಾವಿಕರಿಗೆ) ಎಸ್‌ಟಿಸಿಡಬ್ಲ್ಯೂ ನಿಯಮ 2/4ರ ಪ್ರಮಾಣಪತ್ರ ಬೇಕು. ಅದಕ್ಕೆ ಕನಿಷ್ಠ 16 ವರ್ಷ ವಯಸ್ಸು, 6 ತಿಂಗಳ ಕಡಲ ಸೇವೆ. ವಿಶೇಷ ತರಬೇತಿ ಪಡೆದವರಿಗೆ 2 ತಿಂಗಳ ಕಡಲ ಸೇವೆ ಸಾಕು.

ಅಂದರೆ ಬರೀ ಬೇಸಿಕ್ ಟ್ರೈನಿಂಗ್ ಇರುವ ನೀವು ಆ ಪಟ್ಟಿಯ ಯಾವ ಖಾನೆಯನ್ನೂ ತುಂಬುವುದಿಲ್ಲ. ನಿಮ್ಮನ್ನು ಹತ್ತಿಸಿದರೆ ಪಟ್ಟಿಯ ಮೇಲೆ ಒಬ್ಬರು ಹೆಚ್ಚು. ಸಪ್ಲೈ ಬೋಟಿನಲ್ಲಿ ಬಂಕು ಎಣಿಸಿದಷ್ಟೇ ಇರುತ್ತವೆ, ಬಾಡಿಗೆಗೆ ಪಡೆದ ಕಂಪನಿಯ ಜನರಿಗೂ ಅದರಲ್ಲೇ ಜಾಗ ಕೊಡಬೇಕು. ‘ಅನುಭವ ಬೇಕು’ ಎಂದು ಜಾಹೀರಾತಿನಲ್ಲಿ ಬರೆದಾಗ ಎಷ್ಟೋ ಸಲ ಅವರ ಮನಸ್ಸಿನಲ್ಲಿರುವುದು ‘ಖಾನೆ ತುಂಬುವ ಕಾಗದ ಬೇಕು’ ಎಂಬುದು.

ಹಾಗಾಗಿ ದಾರಿ ಎರಡು. ಒಂದು, ಆ ವಿಶೇಷ ತರಬೇತಿಯನ್ನು ನಿಮ್ಮ ಆಡಳಿತ ಮಾನ್ಯ ಮಾಡಿದ ಸಂಸ್ಥೆಯಲ್ಲಿ ಮಾಡುವುದು. ಸೇರುವ ಮುಂಚೆ ‘ಈ ಕೋರ್ಸಿನ ನಂತರ 2 ತಿಂಗಳ ಸೇವೆಗೆ 2/4 ಸಿಗುತ್ತದೆಯೇ’ ಎಂದು ಆಡಳಿತದವರನ್ನೇ ಕೇಳಿ, ಸಂಸ್ಥೆಯ ಕರಪತ್ರ ನಂಬಬೇಡಿ. ಇನ್ನೊಂದು, ಆ ಕಾಗದ ಕೇಳದ ಬೋಟು ಹುಡುಕುವುದು: 500 ಟನ್ನಿಗಿಂತ ಚಿಕ್ಕ ಸಪ್ಲೈ ಬೋಟು, ಕ್ರೂ ಬೋಟು, ಟಗ್, ಹೂಳೆತ್ತುವ ಹಡಗಿನ ಸಹಾಯಕ ದೋಣಿ. ಪ್ಲಾಟ್‌ಫಾರ್ಮ್ ಪಕ್ಕ ಕಾವಲು ನಿಲ್ಲುವ ಸ್ಟ್ಯಾಂಡ್‌ಬೈ ಬೋಟಿನಲ್ಲೂ ಟ್ರೈನಿ ಜಾಗ ಸಿಗುವುದುಂಟು, ಆದರೆ ಅಲ್ಲಿ ರಕ್ಷಣಾ ದೋಣಿಯ ತರಬೇತಿ ಕೇಳಬಹುದು. ಆಂಕರ್ ಹ್ಯಾಂಡ್ಲರ್ (ರಿಗ್ಗುಗಳ ಲಂಗರು ಹಾಕುವ, ಎತ್ತುವ ಬೋಟು) ಕಡೆ ಈಗಲೇ ನೋಡಬೇಡಿ. ಬಿಗಿದ ಸರಪಳಿ, ತಂತಿ ಹಗ್ಗ ಇರುವ ಡೆಕ್ಕಿನಲ್ಲಿ ಕಲಿಕೆಗೆ ಅವಕಾಶವಿಲ್ಲ. ಅಲ್ಲಿ ತಪ್ಪಾದರೆ ಬೆರಳು ಹೋಗುವುದಿಲ್ಲ, ಜೀವವೇ ಹೋಗುತ್ತದೆ. ಡ್ರೈಡಾಕ್‌ನಲ್ಲಿರುವ ಬೋಟುಗಳಿಗೆ ತುಕ್ಕು ಕೆರೆಯಲು, ಬಣ್ಣ ಹೊಡೆಯಲು ಜನ ಬೇಕಾಗುತ್ತಾರೆ. ಆ ದಿನಗಳು ಕಡಲ ಸೇವೆಗೆ ಲೆಕ್ಕವಾಗುತ್ತವೆ ಎಂದುಕೊಳ್ಳಬೇಡಿ. ಬೋಸನ್ (ಡೆಕ್ ಕೆಲಸಗಾರರ ಮೇಸ್ತ್ರಿ) ನಿಮ್ಮ ಕೆಲಸ ಕಣ್ಣಾರೆ ನೋಡುತ್ತಾರಲ್ಲ, ಆ ಲಾಭವೇ ಸಾಕು.

ಅರ್ಜಿ ಹೋಗಬೇಕಾದದ್ದು ಕ್ರೂ ವಿಭಾಗಕ್ಕೆ, ಕಂಪನಿಯ ಸಾಮಾನ್ಯ ವಿಳಾಸಕ್ಕಲ್ಲ. ಪಟ್ಟಿ ಬರೆಯುವವರ ದಿನ ಹೀಗಿರುತ್ತದೆ: ಕ್ರೂ ಬದಲಾವಣೆಗೆ ಎರಡು ದಿನ ಇದೆ, ಒಬ್ಬರ ಮೆಡಿಕಲ್ ಮುಗಿದಿದೆ, ಇನ್ನೊಬ್ಬರು ಫೋನೇ ಎತ್ತುತ್ತಿಲ್ಲ. ಆ ಹೊತ್ತಿನಲ್ಲಿ ಕಾಗದವೆಲ್ಲ ಸರಿಯಿದ್ದು ‘ನಾಳೆ ಹೊರಡುತ್ತೇನೆ’ ಅನ್ನುವವರಿಗೆ ಮೊದಲ ಜಾಗ. ಆದ್ದರಿಂದ ಮೇಲ್‌ನ ವಿಷಯದ ಸಾಲಿನಲ್ಲೇ ಹುದ್ದೆ, ಹೊರಡಬಹುದಾದ ದಿನಾಂಕ, ಬೇಸಿಕ್ ಟ್ರೈನಿಂಗ್ ಮತ್ತು ಮೆಡಿಕಲ್ ಮುಗಿಯುವ ದಿನಾಂಕ ಇರಲಿ. ರೆಸ್ಯೂಮೆ ಒಂದೇ ಪುಟ. ಮೇಲ್ಭಾಗದಲ್ಲಿ ಕಾಗದಗಳ ಕೋಷ್ಟಕ (ಹೆಸರು, ಕೊಟ್ಟ ದಿನ, ಮುಗಿಯುವ ದಿನ), ಪಾಸ್‌ಪೋರ್ಟ್ ಇನ್ನೂ ಎಷ್ಟು ತಿಂಗಳಿದೆ, ಹತ್ತಿರದ ವಿಮಾನ ನಿಲ್ದಾಣ ಯಾವುದು, ಬಾಯ್ಲರ್ ಸೂಟ್ ಮತ್ತು ಬೂಟಿನ ಅಳತೆ. ‘ಕಠಿಣ ಪರಿಶ್ರಮಿ’, ‘ತಂಡದ ಆಟಗಾರ’ ಇವನ್ನು ಯಾರೂ ಓದುವುದಿಲ್ಲ. ವೆಲ್ಡಿಂಗ್, ಫೋರ್ಕ್‌ಲಿಫ್ಟ್, ರಿಗ್ಗಿಂಗ್, ಮೀನುಗಾರಿಕೆ, ಡೀಸೆಲ್ ಎಂಜಿನ್ ರಿಪೇರಿ ಗೊತ್ತಿದ್ದರೆ ಅದು ಬರೆಯಬೇಕಾದ ಮಾತು.

ಒಮ್ಮೆ ಕಳಿಸಿ ಸುಮ್ಮನೆ ಕೂರಬೇಡಿ. ಮೂರು ವಾರಕ್ಕೊಮ್ಮೆ ದಿನಾಂಕ ತಿದ್ದಿ ಮತ್ತೆ ಕಳಿಸಿ. ಹಾಗೆಂದು ದಿನಕ್ಕೆ ಎರಡು ಸಲ ಫೋನ್ ಮಾಡಿದರೆ ನಿಮ್ಮ ಹೆಸರು ಬೇರೆ ಪಟ್ಟಿಗೆ ಸೇರುತ್ತದೆ. ಜೆಟ್ಟಿಗೇ ಹೋಗಿ ಕ್ಯಾಪ್ಟನ್‌ರನ್ನು ಕೇಳುವ ಹಳೆಯ ಪದ್ಧತಿ 2004ರ ಜುಲೈ 1ರಂದು ಐಎಸ್‌ಪಿಎಸ್ ಭದ್ರತಾ ಸಂಹಿತೆ ಜಾರಿಗೆ ಬಂದ ಮೇಲೆ ಕಷ್ಟವಾಗಿದೆ, ಪಾಸ್ ಇಲ್ಲದೆ ಗೇಟು ದಾಟಲಾಗದು. ಗೇಟಿನ ಹೊರಗೆ ಆಫೀಸು ಇಟ್ಟಿರುವ ಕಂಪನಿಗಳಿಗೆ ಮಾತ್ರ ಕಾಲ್ನಡಿಗೆಯಲ್ಲಿ ಹೋಗಬಹುದು.

ಉಪ್ಪುನೀರು

ಮೇಲಿನವರು ಬೊಸಿಯೆಟ್ (ಆಫ್‌ಶೋರ್ ಸುರಕ್ಷತೆಯ ಮೂಲ ಕೋರ್ಸು) ಬಗ್ಗೆ ಹೇಳಲೇ ಇಲ್ಲ. ಅದೂ ಮಾಡಿಟ್ಟುಕೊಂಡರೆ ರೆಸ್ಯೂಮೆಗೆ ತೂಕ ಬರುತ್ತದಲ್ಲವೇ?

ಪಟ್ಟಿ ಬರೆಯುವವ

ಕೂಸು ಹುಟ್ಟುವ ಮುಂಚೆ ಕುಲಾವಿ. ತೈಲೋದ್ಯಮದ ತರಬೇತಿ ಮಾನದಂಡ ಸಂಸ್ಥೆ ಓಪಿಟೋದ ಬೊಸಿಯೆಟ್ ಇರುವುದು ಹೆಲಿಕಾಪ್ಟರ್‌ನಲ್ಲಿ ಪ್ಲಾಟ್‌ಫಾರ್ಮ್‌ಗೆ ಹೋಗುವವರಿಗೆ. ಸಪ್ಲೈ ಬೋಟಿನ ಜನ ಸಾಮಾನ್ಯವಾಗಿ ಹತ್ತುವುದೂ ಇಳಿಯುವುದೂ ದಕ್ಕೆಯಲ್ಲಿ. ಅದಕ್ಕೆ 4 ವರ್ಷದ ಆಯುಷ್ಯ, ಕೆಲಸ ಹುಡುಕುವಾಗಲೇ ಅದರಲ್ಲಿ ಒಂದು ವರ್ಷ ಕರಗಿಹೋಗುತ್ತದೆ. ಬೇಕಾದ ಕಂಪನಿ ತಾನೇ ಕಳಿಸುತ್ತದೆ. ಡಿಪಿ ಇಂಡಕ್ಷನ್ ಕೋರ್ಸು ಕೂಡ ಅಷ್ಟೇ, ಅದು ಬ್ರಿಡ್ಜ್‌ನಲ್ಲಿ ಡೈನಾಮಿಕ್ ಪೊಸಿಷನಿಂಗ್ (ಲಂಗರಿಲ್ಲದೆ ಕಂಪ್ಯೂಟರಿನಿಂದ ಹಡಗನ್ನು ಒಂದೇ ಜಾಗದಲ್ಲಿ ನಿಲ್ಲಿಸುವುದು) ನಡೆಸುವ ಅಧಿಕಾರಿಗಳ ದಾರಿ. ದುಡ್ಡು ಉಳಿದಿದ್ದರೆ ಸ್ಲಿಂಗರ್-ಬ್ಯಾಂಕ್ಸ್‌ಮನ್ (ಲೋಡು ಕಟ್ಟಿ ಕ್ರೇನಿಗೆ ಸನ್ನೆ ಕೊಡುವ ಕೆಲಸ) ತರಬೇತಿಗೆ ಹಾಕಿ, ಅದು ಮೊದಲ ದಿನವೇ ಕೈಗೆ ಬರುತ್ತದೆ.

ಹೊಸಗಾಳಿ

ತುಂಬಾ ಉಪಕಾರವಾಯಿತು. ಇನ್ನೊಂದು ಮಾತು. ಒಬ್ಬ ಏಜೆಂಟ್ ‘ಬೋಟು ರೆಡಿ ಇದೆ, ಪ್ರೊಸೆಸಿಂಗ್ ಮತ್ತು ವೀಸಾ ಶುಲ್ಕ ಕಟ್ಟಿದರೆ ಹತ್ತು ದಿನದಲ್ಲಿ ಹತ್ತಿಸುತ್ತೇನೆ’ ಅನ್ನುತ್ತಿದ್ದಾರೆ. ಬೋಟಿನ ಹೆಸರು ಮತ್ತು ಐಎಂಒ ನಂಬರು (ಹಡಗಿನ ಅಂತರರಾಷ್ಟ್ರೀಯ ಗುರುತು ಸಂಖ್ಯೆ) ಕೊಟ್ಟಿದ್ದಾರೆ. ನಂಬಬಹುದೇ?

ಮೂರೆಳೆ ಹಗ್ಗ

ಕಟ್ಟಬೇಡಿ. 2006ರ ಕಡಲ ಕಾರ್ಮಿಕ ಒಪ್ಪಂದ, ಅಂದರೆ ಎಂಎಲ್‌ಸಿ, ಈ ವಿಷಯದಲ್ಲಿ ಸ್ಪಷ್ಟವಾಗಿದೆ: ಕೆಲಸ ಕೊಡಿಸಿದ್ದಕ್ಕೆ ನಾವಿಕರಿಂದ ಶುಲ್ಕ ಪಡೆಯುವಂತಿಲ್ಲ. ನೀವು ಭರಿಸಬಹುದಾದದ್ದು ಕಡ್ಡಾಯ ವೈದ್ಯಕೀಯ ಪ್ರಮಾಣಪತ್ರ, ರಾಷ್ಟ್ರೀಯ ನಾವಿಕ ಪುಸ್ತಕ, ಪಾಸ್‌ಪೋರ್ಟ್ ಅಥವಾ ಅಂಥ ಪ್ರಯಾಣ ದಾಖಲೆಯ ಖರ್ಚು ಮಾತ್ರ. ವೀಸಾ ಖರ್ಚು ಹಡಗಿನ ಮಾಲೀಕರದು. ‘ವೀಸಾ ಶುಲ್ಕ’ ಎಂಬ ಆ ಒಂದು ಪದದಲ್ಲೇ ಏಜೆಂಟರ ಬಣ್ಣ ಬಯಲಾಗಿದೆ.

ನಂಬರಿನ ಪರೀಕ್ಷೆ ಕಾಗದ-ಪೆನ್ನಿನಲ್ಲೇ ಆಗುತ್ತದೆ. ಐಎಂಒ ಸಂಖ್ಯೆ 7 ಅಂಕಿಯದು. ಮೊದಲ ಆರು ಅಂಕಿಗಳನ್ನು ಕ್ರಮವಾಗಿ 7, 6, 5, 4, 3, 2ರಿಂದ ಗುಣಿಸಿ ಕೂಡಿಸಿ. ಮೊತ್ತದ ಕೊನೆಯ ಅಂಕಿ ಏಳನೇ ಅಂಕಿಗೆ ಸರಿಹೊಂದಬೇಕು. ಲೆಕ್ಕದ ಮಾದರಿಗೆ 9074729 ತೆಗೆದುಕೊಳ್ಳಿ: 63 + 0 + 35 + 16 + 21 + 4 = 139. ಕೊನೆಯ ಅಂಕಿ 9, ಏಳನೆಯದೂ 9. ಹೊಂದದಿದ್ದರೆ ನಂಬರು ಕಟ್ಟಿದ್ದು, ಅಲ್ಲಿಗೆ ಮಾತು ಮುಗಿಯಿತು. ಹೊಂದಿದ ಮಾತ್ರಕ್ಕೆ ಏಜೆಂಟ್ ಸಾಚಾ ಅಂತಲೂ ಅಲ್ಲ, ನಿಜವಾದ ಹಡಗಿನ ನಂಬರು ಯಾರು ಬೇಕಾದರೂ ಎತ್ತಿಕೊಳ್ಳಬಹುದು. ಇಕ್ವಾಸಿಸ್ ಜಾಲತಾಣದಲ್ಲಿ ಉಚಿತವಾಗಿ ಹೆಸರು ನೋಂದಾಯಿಸಿ ಆ ನಂಬರು ಹಾಕಿದರೆ ಹಡಗಿನ ಬಗೆ, ಟನ್, ಮಾಲೀಕರು, ನಿರ್ವಾಹಕ ಕಂಪನಿ ಕಾಣುತ್ತವೆ. ಬಂದದ್ದು ಸಪ್ಲೈ ಬೋಟೋ ಅಥವಾ ಗುಜರಿಗೆ ಹೋದ ಸರಕು ಹಡಗೋ ನೋಡಿ. ಆಮೇಲೆ ಆ ನಿರ್ವಾಹಕ ಕಂಪನಿಯ ಸ್ವಂತ ಜಾಲತಾಣದಲ್ಲಿರುವ ನಂಬರಿಗೆ ಫೋನ್ ಮಾಡಿ, ‘ಈ ಏಜೆಂಟ್ ನಿಮ್ಮವರೇ’ ಎಂದು ಕೇಳಿ. ಏಜೆಂಟ್ ಕೊಟ್ಟ ನಂಬರಿಗಲ್ಲ.

ಮೂಲ ಪಾಸ್‌ಪೋರ್ಟನ್ನು ‘ಇಟ್ಟುಕೊಂಡಿರುತ್ತೇವೆ’ ಎಂದರೂ ಕೊಡಬೇಡಿ. ಹತ್ತುವ ಮುಂಚೆ ನಾವಿಕರ ಉದ್ಯೋಗ ಒಪ್ಪಂದ ಓದಲು ಸಮಯ ಸಿಗಬೇಕು, ಎರಡೂ ಕಡೆಯ ಸಹಿಯಿರುವ ಮೂಲ ಪ್ರತಿ ನಿಮ್ಮ ಕೈಯಲ್ಲಿರಬೇಕು. ಸಂಬಳ ತಿಂಗಳಿಗೊಮ್ಮೆಯಾದರೂ ಬರಬೇಕು, ಅವಧಿ ಮುಗಿದಾಗ ಮನೆಗೆ ಕಳಿಸುವ ಖರ್ಚು ಅವರದು ಎಂದಿರಬೇಕು.

ಟಗರ್ ವಿಂಚ್

ಕಾಗದದ ಮಾತು ಸಾಕಷ್ಟಾಯಿತು, ಡೆಕ್ಕಿಗೆ ಬನ್ನಿ. ಸಂದರ್ಶನದಲ್ಲಿ ಹೊಸಬರನ್ನು ಅಳೆಯುವುದೂ ಇಲ್ಲೇ. ಹಡಗಿನ ಇತಿಹಾಸ ಯಾರೂ ಕೇಳುವುದಿಲ್ಲ, ‘ತೂಗುವ ಲೋಡಿನ ಹತ್ತಿರ ಎಲ್ಲಿ ನಿಲ್ಲುತ್ತೀಯ’ ಅನ್ನುತ್ತಾರೆ.

ಸಪ್ಲೈ ಬೋಟಿನ ಹಿಂಭಾಗದ ಡೆಕ್ಕು ನೀರಿನಿಂದ ಬಹಳ ಎತ್ತರವಿಲ್ಲ, ಅಲೆ ಒಳಗೇ ಬರುತ್ತದೆ. ಪ್ಲಾಟ್‌ಫಾರ್ಮ್‌ನ ಸುತ್ತ 500 ಮೀಟರ್ ಸುರಕ್ಷತಾ ವಲಯ. ಒಳಗೆ ಹೋಗುವ ಮುಂಚೆ ಬ್ರಿಡ್ಜ್ ಚೆಕ್‌ಲಿಸ್ಟ್ ಮುಗಿಸುತ್ತದೆ, ಬ್ರಿಡ್ಜ್ ಒಪ್ಪಿಗೆ ಕೊಡುವ ತನಕ ಡೆಕ್ಕಿಗೆ ಕಾಲಿಡುವಂತಿಲ್ಲ. ಕೆಲಸ ಸಾಮಾನ್ಯವಾಗಿ ಇಬ್ಬರ ಜೋಡಿಯಲ್ಲಿ, ರೇಡಿಯೋ ಸಮೇತ. ಕ್ರೇನ್ ಪ್ಲಾಟ್‌ಫಾರ್ಮ್‌ನ ಮೇಲಿದೆ, ಅದು ಅಲ್ಲಾಡುವುದಿಲ್ಲ. ಅಲ್ಲಾಡುವುದು ನಿಮ್ಮ ಕಾಲ ಕೆಳಗಿನ ಬೋಟು. ಲೋಡು ಡೆಕ್ಕಿಗೆ ತಾಗಿ ಕೂತಿತು ಎಂದುಕೊಂಡ ಕ್ಷಣದಲ್ಲೇ ಬೋಟು ಅಲೆಯ ತಗ್ಗಿಗೆ ಇಳಿದರೆ ಸ್ಲಿಂಗು ಮತ್ತೆ ಬಿಗಿಯಾಗಿ ಕಂಟೇನರ್ ಎದ್ದು ಬೀಸುತ್ತದೆ. ಆದ್ದರಿಂದ ತಂತಿ ಸಾಕಷ್ಟು ಸಡಿಲ ಬಿಟ್ಟ ಮೇಲಷ್ಟೇ ಹುಕ್ಕಿನ ಹತ್ತಿರ ಹೋಗಬೇಕು. ಬಿಚ್ಚಿದ ಕೂಡಲೇ ಇಬ್ಬರೂ ಪಕ್ಕಕ್ಕೆ ಸರಿದು, ಆಮೇಲೆ ಕ್ರೇನಿಗೆ ‘ಮೇಲೆ’ ಅನ್ನಬೇಕು. ಎರಡು ಕಂಟೇನರುಗಳ ನಡುವೆ, ಕಂಟೇನರಿಗೂ ಬದಿಯ ಕಾರ್ಗೋ ರೇಲಿಗೂ ನಡುವೆ ನಿಲ್ಲಲೇಬಾರದು. ಲೋಡು ಬರುವ ಮುಂಚೆಯೇ ಯಾವ ಕಡೆ ಓಡಬೇಕೆಂದು ನೋಡಿಟ್ಟಿರಬೇಕು.

ಟ್ಯಾಗ್ ಲೈನ್ (ಲೋಡಿಗೆ ಕಟ್ಟಿದ ಹಿಡಿಹಗ್ಗ) ಇರುವುದು ಲೋಡು ತಿರುಗದಂತೆ ಹಿಡಿಯಲು, ಎಳೆದು ನಿಲ್ಲಿಸಲು ಅಲ್ಲ. ಕೈಗೆ ಸುತ್ತಿಕೊಂಡರೆ ಅದರ ಜೊತೆ ನೀವೂ ಹೋಗುತ್ತೀರಿ. ತುದಿಯಲ್ಲಿ ಗಂಟೂ ಇರಬಾರದು, ಅದು ಬೇರೆ ಸಾಮಾನಿಗೆ ಸಿಕ್ಕಿಕೊಳ್ಳುತ್ತದೆ.

ದಕ್ಕೆಯಲ್ಲಿ ಲೋಡು ತುಂಬುವಾಗ ಹೊಸಬರ ಕಣ್ಣಿಗೆ ಒಳ್ಳೆ ಕೆಲಸವಿದೆ. ಕಂಟೇನರಿನ ಮೇಲೆ ಮರೆತ ಸ್ಪ್ಯಾನರ್, ಫೋರ್ಕ್‌ಲಿಫ್ಟ್ ಕಿಂಡಿಯೊಳಗೆ ಸಿಕ್ಕಿದ ಕಲ್ಲು, ಬೀಗ ಬೀಳದ ಬಾಗಿಲು, ಶ್ಯಾಕಲ್‌ನಲ್ಲಿ ಸ್ಪ್ಲಿಟ್ ಪಿನ್ ಇಲ್ಲದಿರುವುದು, ಪರೀಕ್ಷೆಯ ದಿನಾಂಕ ದಾಟಿದ ಪ್ಲೇಟು. ಒಂದು ಕಲ್ಲು ಮೂವತ್ತು ಮೀಟರ್ ಎತ್ತರದಿಂದ ಬಿದ್ದರೆ ಹೆಲ್ಮೆಟ್ಟಿನ ಕಥೆ ಅಷ್ಟೇ.

ಇನ್ನು ಹೋಸ್. ಡೀಸೆಲ್, ಕುಡಿಯುವ ನೀರು, ಡ್ರಿಲ್ ವಾಟರ್, ಬ್ರೈನ್ (ಉಪ್ಪಿನ ದ್ರಾವಣ), ಮಡ್ (ಬಾವಿ ಕೊರೆಯಲು ಬಳಸುವ ಕೆಸರಿನಂಥ ದ್ರವ), ಬೇಸ್ ಆಯಿಲ್, ಪುಡಿ ಸಿಮೆಂಟು, ಪ್ರತಿಯೊಂದಕ್ಕೂ ಬೇರೆ ಲೈನು. ಕ್ರೇನ್ ಇಳಿಸಿದ ಹೋಸ್‌ನ ಮೇಲಿನ ಹೆಸರು ಓದಿ, ಮ್ಯಾನಿಫೋಲ್ಡ್ (ಹೋಸ್ ಜೋಡಿಸುವ ಬೋಟಿನ ಕೊಳವೆ ಬಾಯಿ) ಮೇಲಿನ ಹೆಸರು ಓದಿ, ಎರಡನ್ನೂ ರೇಡಿಯೋದಲ್ಲಿ ಹೇಳಿ, ಆ ಕಡೆಯಿಂದ ಅದೇ ಹೆಸರು ವಾಪಸ್ ಕೇಳಿಸಿಕೊಂಡ ಮೇಲೆ ಜೋಡಿಸಿ. ಡೀಸೆಲ್ ಕುಡಿಯುವ ನೀರಿನ ಟ್ಯಾಂಕಿಗೆ ಹೋದರೆ ಪ್ಲಾಟ್‌ಫಾರ್ಮ್‌ನ ಅಷ್ಟೂ ಜನರಿಗೆ ನೀರಿಲ್ಲ. ಸಿಮೆಂಟಿನ ಹೋಸ್ ಇನ್ನೂ ಜಾಗರೂಕತೆ ಬೇಡುತ್ತದೆ. ಪುಡಿ ಗಾಳಿಯ ಒತ್ತಡದಲ್ಲಿ ಹೋಗುತ್ತದೆ, ನಡುವೆ ಗಟ್ಟಿಕಟ್ಟಿ ಮುಚ್ಚಿಕೊಂಡರೆ ಒಂದು ಕಡೆಯ ಗೇಜು ಸೊನ್ನೆ ತೋರಿಸುತ್ತಿರುತ್ತದೆ, ಇನ್ನೊಂದು ಕಡೆ ಪೂರ್ತಿ ಒತ್ತಡ ಕೂತಿರುತ್ತದೆ. ಆ ಸೊನ್ನೆ ನಂಬಿ ಜೋಡಣೆ ಬಿಚ್ಚಿದರೆ ಹೋಸ್‌ನ ತುದಿ ಹಾವಿನಂತೆ ಹೊಡೆಯುತ್ತದೆ. ಒತ್ತಡ ಬಿಟ್ಟಾಗಿದೆ ಎಂದು ಎಂಜಿನಿಯರ್ ಹೇಳುವ ತನಕ ಸುತ್ತಿಗೆ ಎತ್ತಬೇಡಿ.

ಮನೆಯಲ್ಲೇ ಕಲಿಯಬಹುದಾದದ್ದು ಹಗ್ಗ. 12 ಮಿಲಿಮೀಟರ್ ದಪ್ಪದ ಮೂರೆಳೆ ಹಗ್ಗ ಹತ್ತು ಮೀಟರ್ ಸಾಕು. ಬೌಲೈನ್, ಕ್ಲೋವ್ ಹಿಚ್, ರೋಲಿಂಗ್ ಹಿಚ್, ಶೀಟ್ ಬೆಂಡ್, ಫಿಗರ್ ಆಫ್ ಏಟ್, ಈ ಐದನ್ನು ಕತ್ತಲಲ್ಲಿ, ಕೈಗವಸು ಹಾಕಿಕೊಂಡು ಕಟ್ಟಲು ಬರಬೇಕು. ಎರಡು ಹಗ್ಗ ಜೋಡಿಸಲು ರೀಫ್ ನಾಟ್ ಕಟ್ಟಿ ತೋರಿಸಬೇಡಿ, ಅದು ಮಗುಚಿ ಬಿಚ್ಚಿಹೋಗುತ್ತದೆ. ಐ ಸ್ಪ್ಲೈಸ್ (ಹಗ್ಗದ ತುದಿಯ ಹೆಣೆದ ಕುಣಿಕೆ) ಹೆಣೆಯುವಾಗ ನೈಲಾನ್, ಪಾಲಿಪ್ರೊಪಿಲೀನ್‌ನಂಥ ಜಾರುವ ಹಗ್ಗಕ್ಕೆ ಐದು ಸುತ್ತು ಹೆಣಿಗೆ ಹಾಕಿ. ಹೀವಿಂಗ್ ಲೈನ್ (ದಕ್ಕೆಗೆ ಮೊದಲು ಎಸೆಯುವ ತೆಳು ಹಗ್ಗ) ಎಸೆಯುವ ಅಭ್ಯಾಸವೂ ಇರಲಿ: ಸುರುಳಿಯನ್ನು ಎರಡು ಭಾಗ ಮಾಡಿ, ಚಿಕ್ಕದು ಎಸೆಯುವ ಕೈಯಲ್ಲಿ, ಉಳಿದದ್ದು ಇನ್ನೊಂದು ತೆರೆದ ಅಂಗೈಯಲ್ಲಿ ಸಡಿಲವಾಗಿ. ತುದಿಯ ಗಂಟಿನೊಳಗೆ ನಟ್ಟು-ಬೋಲ್ಟು ತುಂಬುವ ಚಟ ಕಲಿಯಬೇಡಿ. ದಕ್ಕೆಯಲ್ಲಿ ನಿಂತವರ ತಲೆ ಒಡೆಯುತ್ತದೆ.

ಕಟ್ಟುವ ಹಗ್ಗ ಬಿಗಿದಾಗ ಅದರ ನೇರದಲ್ಲಾಗಲಿ ಸುರುಳಿಯೊಳಗಾಗಲಿ ನಿಲ್ಲಬಾರದು. ನೈಲಾನ್ ರಬ್ಬರಿನಂತೆ ಹಿಗ್ಗುತ್ತದೆ, ತುಂಡಾದರೆ ಹಿಗ್ಗಿದ್ದೆಲ್ಲ ಒಂದೇ ಏಟಿಗೆ ವಾಪಸ್.

ಕೇಳುವ ಇನ್ನೆರಡು ಪ್ರಶ್ನೆ. ಒಬ್ಬರು ನೀರಿಗೆ ಬಿದ್ದರೆ? ಕೂಗಿ, ಲೈಫ್‌ಬಾಯ್ ಎಸೆದು, ಕೈ ಚಾಚಿ ಅವರನ್ನೇ ತೋರಿಸುತ್ತಾ ನಿಲ್ಲಬೇಕು, ಕಣ್ಣು ತೆಗೆಯಬಾರದು. ಹಿಂದೆಯೇ ಜಿಗಿಯುತ್ತೇನೆ ಅಂದವರು ಫೇಲ್. ಮಡ್ ಟ್ಯಾಂಕಿನೊಳಗೆ ಜೊತೆಯವರು ಕುಸಿದರೆ? ಅಲಾರಂ, ಕಾಯುವುದು, ಇಳಿಯದಿರುವುದು. ಹಳೆಯ ಮಡ್ ಕೊಳೆತರೆ ಹೈಡ್ರೋಜನ್ ಸಲ್ಫೈಡ್ ಹುಟ್ಟುತ್ತದೆ. ಅದರ ಕೊಳೆತ ಮೊಟ್ಟೆಯ ವಾಸನೆ ನಿಂತಿತು ಅಂದರೆ ಅನಿಲ ಹೋಯಿತೆಂದಲ್ಲ, ಮೂಗು ಸೋತಿತೆಂದೂ ಇರಬಹುದು.

ಉಪ್ಪುನೀರು

ಕಡಲ ರೋಗದ ಮಾತ್ರೆ ಹೊರಡುವ ಮುಂಚೆ ನುಂಗಬೇಕು, ವಾಂತಿ ಶುರುವಾದ ಮೇಲೆ ಅದು ಹೊಟ್ಟೆಯಲ್ಲಿ ನಿಲ್ಲುವುದಿಲ್ಲ. ಡ್ರಗ್ ಟೆಸ್ಟ್ ಇದ್ದೇ ಇರುತ್ತದೆ. ಕೊಡೀನ್ ಇರುವ ಕೆಮ್ಮಿನ ಔಷಧಿ ಕೂಡ ಅದರಲ್ಲಿ ಸಿಕ್ಕಿಬೀಳುತ್ತದೆ, ವೈದ್ಯರ ಚೀಟಿ ಜೊತೆಗಿರಲಿ, ಮೊದಲೇ ಹೇಳಿಬಿಡಿ. ಪಾಳಿ 6 ಗಂಟೆ ಕೆಲಸ 6 ಗಂಟೆ ಬಿಡುವು, ಅಥವಾ ಒಂದೇ ಸಮ 12 ಗಂಟೆ. 24 ಗಂಟೆಯಲ್ಲಿ 10, ಏಳು ದಿನದಲ್ಲಿ 77 ಗಂಟೆ ವಿಶ್ರಾಂತಿ ಕನಿಷ್ಠ ಮಿತಿ. ವಿಶ್ರಾಂತಿಯ ಹಾಳೆಗೆ ಸಹಿ ಹಾಕುವಾಗ ಓದಿ ಹಾಕಿ.

ಪಟ್ಟಿ ಬರೆಯುವವ

ಒಂದು ಬಿಟ್ಟುಹೋಗಿತ್ತು. ಕೆಲಸ ಸಿಕ್ಕಿದರೆ ಒಪ್ಪಂದದಲ್ಲಿ ನಿಮ್ಮ ಹುದ್ದೆ ಏನೆಂದು ನೋಡಿ. ಡೆಕ್‌ಹ್ಯಾಂಡ್, ಓಎಸ್ (ಆರ್ಡಿನರಿ ಸೀಮನ್) ಅಥವಾ ಡೆಕ್ ಟ್ರೈನಿ ಎಂದಿರಲಿ. ‘ಯುಟಿಲಿಟಿ’ ಅಥವಾ ‘ಮೆಸ್‌ಮನ್’ ಎಂದು ಬರೆದು ಡೆಕ್ಕಿನಲ್ಲಿ ದುಡಿಸಿಕೊಂಡರೆ ಆ ತಿಂಗಳುಗಳನ್ನು ಡೆಕ್ ಸೇವೆ ಎಂದು ಸಾಬೀತು ಮಾಡುವುದು ಕಷ್ಟ. ಬ್ರಿಡ್ಜ್‌ನಲ್ಲಿ ಲುಕ್‌ಔಟ್ ನಿಂತ, ಸ್ಟಿಯರಿಂಗ್ ಹಿಡಿದ ಪಾಳಿಗಳನ್ನು ತರಬೇತಿ ಪುಸ್ತಕದಲ್ಲಿ ಅಂದಂದೇ ಬರೆದು ಅಧಿಕಾರಿಯ ಸಹಿ ಪಡೆಯಿರಿ, 2/4ಕ್ಕೆ ಬೇಕಾಗುವುದು ಅದೇ. ಅದು ಸಿಕ್ಕಿದ ಮೇಲೆ 18 ತಿಂಗಳ ಡೆಕ್ ಸೇವೆಗೆ, ಮಾನ್ಯ ತರಬೇತಿ ಇದ್ದರೆ 12 ತಿಂಗಳಿಗೆ, ಏಬಲ್ ಸೀಫೇರರ್ ಪ್ರಮಾಣಪತ್ರದ ದಾರಿ ತೆರೆಯುತ್ತದೆ.

ಇಳಿಯುವ ದಿನ ಬ್ಯಾಗು ಹೊರುವ ಮುಂಚೆ ಕ್ಯಾಪ್ಟನ್‌ರಿಂದ ಸೇವಾಪತ್ರ ಬರೆಸಿಕೊಳ್ಳಿ: ಹಡಗಿನ ಹೆಸರು, ಐಎಂಒ ಸಂಖ್ಯೆ, ಗ್ರಾಸ್ ಟನ್, ಓಡಾಡಿದ ಪ್ರದೇಶ, ಹುದ್ದೆ, ಹತ್ತಿದ ಮತ್ತು ಇಳಿದ ದಿನಾಂಕ, ಸಹಿ, ಮೊಹರು. ನಾವಿಕ ಪುಸ್ತಕದಲ್ಲಿರುವ ದಿನಾಂಕಕ್ಕೂ ಇದಕ್ಕೂ ಒಂದು ದಿನ ವ್ಯತ್ಯಾಸವಿದ್ದರೂ ಆಡಳಿತದವರು ವಾಪಸ್ ಕಳಿಸುತ್ತಾರೆ. ಅಷ್ಟು ಹೊತ್ತಿಗೆ ಆ ಕ್ಯಾಪ್ಟನ್ ಬೇರೆ ಹಡಗಿನಲ್ಲಿರುತ್ತಾರೆ.